ಸುಮ್ನೆ ಮಲಗು ಅಂದರೆ ಆಗುವುದಿಲ್ಲ

ಹೊಸನಗರ ತಾಲ್ಲೂಕಿನ ಗೃಹಿಣಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಮಗನಿಗೆ 12 ವರ್ಷ, ಏಳನೇ ಕ್ಲಾಸು. ಎತ್ತರ ಕಡಿಮೆ, ಶಾಲೆಯ ಪ್ರಾರ್ಥನೆ ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲುವವನು. ಬೆಂಗಳೂರಿನ ಭಾವ ಹಬ್ಬಕ್ಕೆ ಬಂದಾಗಲೆಲ್ಲ ಅವನನ್ನು ತಮ್ಮ ಮಗನ ಪಕ್ಕ ನಿಲ್ಲಿಸಿ ದಾರಂದದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಈ ಸಲ ಭೂಮಿ ಹುಣ್ಣಿಮೆಗೆ ಬಂದವರು, 'ಎತ್ತರ ಬೆಳೆಸುವ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಕೊಡಿಸಿ, ಈಗ ಬಿಟ್ಟರೆ ಮತ್ತೆ ಆಗಲ್ಲ' ಅಂದರಂತೆ.

ಶಿವಮೊಗ್ಗದ ಡಾಕ್ಟರಿಗೆ ತೋರಿಸಿಯಾಗಿದೆ. ಹಾರ್ಮೋನ್ ಸರಿಯಾಗಿದೆ. ಎಡಗೈ ಎಕ್ಸ್‌ರೇ ನೋಡಿ, 'ಮೂಳೆ ಬೆಳೆದಿರುವುದು ಇನ್ನೂ 10 ವರ್ಷದವನಷ್ಟೇ, ತಡವಾಗಿ ಬೆಳೆಯುವ ಹುಡುಗ, ಆರು ತಿಂಗಳು ಬಿಟ್ಟು ಬನ್ನಿ' ಅಂದಿದ್ದಾರೆ. ಆದರೂ ಯಜಮಾನರು ಅಡಿಕೆಯ ದುಡ್ಡನ್ನು ಇದಕ್ಕೆಂದೇ ಎತ್ತಿಟ್ಟಿದ್ದಾರೆ. ಕೊಡಿಸಲಾ, ಬೇಡವಾ ಅನ್ನುವುದು ಪ್ರಶ್ನೆ.

ನೋಡಿ ತಾಯಿ, ನಿಮ್ಮ ಪತ್ರದ ನಡುವೆ ಒಂದು ಸಾಲಿದೆ. 'ರಾತ್ರಿ ಮಲಗುವಾಗ, ಅಮ್ಮಾ ನಂಗೆ ಏನು ಕಾಯಿಲೆ ಅಂತ ಕೇಳಿದ. ಸುಮ್ನೆ ಮಲಗು ಅಂದೆ.' ಅಷ್ಟೇ. ಮುಂದಿನ ಸಾಲಿನಲ್ಲೇ ಇಂಜೆಕ್ಷನ್ ರೇಟು ಶುರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಡಾಕ್ಟರು ಕಾಯಿಲೆ ಇಲ್ಲ ಅಂದಿದ್ದಾರೆ. ಅದು ನಿಮಗೆ ಗೊತ್ತು, ಯಜಮಾನರಿಗೆ ಗೊತ್ತು, ಭಾವನಿಗೂ ಗೊತ್ತು. ಹುಡುಗನಿಗೊಬ್ಬನಿಗೆ ಯಾರೂ ಹೇಳಿಲ್ಲ.

ಇನ್ನು ಇಂಜೆಕ್ಷನ್ ಶುರುವಾದರೆ ಅವನು ಏನು ತಿಳಿದುಕೊಳ್ಳುತ್ತಾನೆ ಹೇಳಿ? ಸಾಮಾನ್ಯವಾಗಿ ದಿನಾ ರಾತ್ರಿ ತೊಡೆಗೋ ಹೊಟ್ಟೆಗೋ ಸೂಜಿ. ಅದೂ ವರ್ಷಗಟ್ಟಲೆ. ಔಷಧಿಯನ್ನು ಫ್ರಿಜ್ಜಿನಲ್ಲಿಡಬೇಕು; ಆಷಾಢದ ಮಳೆಯಲ್ಲಿ ನಿಮ್ಮೂರ ಕರೆಂಟಿನ ಕಥೆ ನಿಮಗೇ ಗೊತ್ತು. ಇಷ್ಟೆಲ್ಲ ಮಾಡಿದರೂ ಹಾರ್ಮೋನ್ ಕೊರತೆ ಇಲ್ಲದ ಮಕ್ಕಳಿಗೆ ಹೆಚ್ಚಾಗಿ ಸಿಗುವುದು 4ರಿಂದ 7 ಸೆಂಟಿಮೀಟರ್. ಕೆಲವರಿಗೆ ಅದೂ ಇಲ್ಲ.

ನಾನು ಸೂಜಿಯ ವಿರೋಧಿ ಅಲ್ಲ. ಹಾರ್ಮೋನ್ ನಿಜವಾಗಿ ಕಡಿಮೆ ಇರುವ ಮಗುವಿಗೆ ಇದು ದೊಡ್ಡ ವರ. 1985ರವರೆಗೆ ಈ ಹಾರ್ಮೋನನ್ನು ಸತ್ತವರ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮೆದುಳಿನ ಮಾರಕ ರೋಗ ತಗುಲಿತು, ಅದನ್ನು ನಿಲ್ಲಿಸಿದರು. ಅದೇ ವರ್ಷ ಲ್ಯಾಬಿನಲ್ಲಿ ತಯಾರಿಸಿದ್ದು ಬಂತು. ಮೊದಲು ಇದ್ದಿದ್ದೇ ಸ್ವಲ್ಪ, ಅದು ರೋಗಿಗಳಿಗೇ ಸಾಲುತ್ತಿರಲಿಲ್ಲ. ಆಮೇಲೆ ಬೇಕಾದಷ್ಟು ಸಿಗತೊಡಗಿತು. 2003ರಲ್ಲಿ ಅಮೆರಿಕದಲ್ಲಿ, ಹಾರ್ಮೋನ್ ಸರಿಯಿದ್ದೂ ತೀರಾ ಕುಳ್ಳಗಿರುವ ಮಕ್ಕಳಿಗೂ ಕೊಡಬಹುದು ಅಂತ ಒಪ್ಪಿಗೆ ಸಿಕ್ಕಿತು. ಔಷಧಿ ಜಾಸ್ತಿಯಾದಂತೆ ರೋಗಿಗಳ ಪಟ್ಟಿಯೂ ಉದ್ದವಾಯಿತು, ಅಲ್ವಾ?

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಬೈಸಿಕೊಂಡೂ ಇದ್ದೇನೆ: ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿ ಅಳೆಯುವ ನೆಂಟರು ಊಟ ಮಾಡಿ ಹೊರಡುವುದೇ ಒಳ್ಳೆಯದು. ಎಲ್ಲ ಮಕ್ಕಳಿಗೂ ಇಂಜೆಕ್ಷನ್ ಚುಚ್ಚಿಸಿದರೂ ಪ್ರಾರ್ಥನೆ ಸಾಲಿನ ಮುಂದೆ ಒಬ್ಬ ನಿಲ್ಲಲೇಬೇಕು. ಆಗ ಅವನಿಗೆ ಏನು ಚುಚ್ಚುತ್ತೀರಿ? ನಿಮ್ಮ ತೋಟದಲ್ಲಿ ಅಡಿಕೆ ಗೊನೆ ತೆಗೆಯಲು ಜನ ಸಿಗದಿದ್ದಾಗ, ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ತಂದಿರಿ ಅಂತ ನೀವೇ ಬರೆದಿದ್ದೀರಿ. ದೋಟಿ ಉದ್ದ ಮಾಡಿದಿರಿ, ಮನುಷ್ಯನನ್ನು ಎಳೆದು ಉದ್ದ ಮಾಡಲಿಲ್ಲ.

ಯಜಮಾನರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅಣ್ಣನ ಎದುರು ಮಾತಾಡಿ ಅಭ್ಯಾಸ ಇಲ್ಲದವರು, ಅಷ್ಟೇ. ನಿಮ್ಮ ಮೇಲೆ ಸ್ವಲ್ಪ ಇದೆ. 'ನಾಳೆ ಮಗ, ಯಾಕೆ ಕೊಡಿಸಲಿಲ್ಲ ಅಂತ ಕೇಳಿದರೆ?' ಅಂದಿದ್ದೀರಿ. ನಾಳೆ ಕೇಳುವುದರ ಬಗ್ಗೆ ಇಷ್ಟು ಚಿಂತೆ, ಅವನು ಆಗಲೇ ಕೇಳಿದ್ದಕ್ಕೆ ಉತ್ತರ ಇಲ್ಲ. ಮೂಳೆಯ ತುದಿಯಲ್ಲಿ ಬೆಳೆಯುವ ಜಾಗ ಕೂಡಿಕೊಂಡ ಮೇಲೆ ಈ ಔಷಧಿಯಿಂದ ಎತ್ತರ ಸಿಗುವುದಿಲ್ಲ ಅನ್ನುವುದು ನಿಜ. ಆದರೆ ನಿಮ್ಮ ಮಗನ ಮೂಳೆಯ ವಯಸ್ಸು ಇನ್ನೂ ಹತ್ತೇ. ಟೈಮಿದೆ.

ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ಎಕ್ಸ್‌ರೇ ತೆಗೆದು ಅವನಿಗೆ ತೋರಿಸಿ. 'ನಿಂಗೆ ಯಾವ ಕಾಯಿಲೆಯೂ ಇಲ್ಲ, ನೀನು ನಿಧಾನಕ್ಕೆ ಬೆಳೆಯುವವನು, ಡಾಕ್ಟರೇ ಹೇಳಿದ್ದಾರೆ' ಅನ್ನಿ. ಯಜಮಾನರೂ ಪಕ್ಕದಲ್ಲಿ ಇರಲಿ. ಆರು ತಿಂಗಳಿಗೆ ಮತ್ತೆ ಹೋಗುವಾಗ ಡಾಕ್ಟರನ್ನು ಏನು ಕೇಳಬೇಕು ಅನ್ನುವುದನ್ನು ಹುಡುಗನಿಗೇ ಬಿಡಿ. ಭಾವ ಬರುವುದು ಬೇಡ.