ಯಹೂದಿಗಳು ತೋರಾ ಓದುವಾಗ ಬೆಳ್ಳಿ ಕಡ್ಡಿ ಹಿಡಿಯುವುದು ಯಾಕೆ?

ಯಹೂದಿಗಳ ಪವಿತ್ರ ಗ್ರಂಥವಾದ ತೋರಾ ಓದುವಾಗ ಬೆರಳನ್ನೇ ಇಟ್ಟು ಓದಬಾರದಾ, ಕಡ್ಡಿ ಯಾಕೆ ಅಂತ ಕೇಳಿದ್ದೀರಿ. ಆ ಕಡ್ಡಿಗೆ ಯಾದ್ ಅಂತ ಹೆಸರು. ತುದಿಯಲ್ಲಿ ಪುಟ್ಟ ಕೈ, ಅದರ ತೋರುಬೆರಳು ಮಾತ್ರ ಚಾಚಿಕೊಂಡಿರುತ್ತದೆ. ಹೆಚ್ಚಾಗಿ ಬೆಳ್ಳಿಯದು, ಮರದ್ದೂ ಉಂಟು.

ಮುಖ್ಯ ಕಾರಣ ಗೌರವ. ತೋರಾ ಸುರುಳಿಯ ಚರ್ಮದ ಹಾಳೆಯನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುವುದು ತಾಲ್ಮುದ್ (ಯಹೂದಿ ಧರ್ಮನಿಯಮಗಳ ಹಳೆಯ ಗ್ರಂಥ) ಕಾಲದಿಂದ ಬಂದ ನಿಯಮ. ಜೊತೆಗೆ, ಸುರುಳಿಯಲ್ಲಿ 3,04,805 ಅಕ್ಷರಗಳಿವೆ. ಅಷ್ಟನ್ನೂ ಲಿಪಿಕಾರರು ಹಕ್ಕಿಯ ಗರಿಯನ್ನು ಶಾಯಿಯಲ್ಲಿ ಅದ್ದಿ ಕೈಯಲ್ಲೇ ಬರೆಯುತ್ತಾರೆ. ಬೆರಳಿನ ಬೆವರು, ಜಿಡ್ಡು ತಾಗಿ ಶಾಯಿ ಕೆಡಬಾರದು ಅಲ್ವಾ? ಒಂದೇ ಒಂದು ಅಕ್ಷರ ಅಳಿಸಿದರೂ ಅದನ್ನು ಸರಿಪಡಿಸುವ ತನಕ ಆ ಸುರುಳಿ ಪೂಜೆಯ ಓದಿಗೆ ಬರುವುದಿಲ್ಲ. ಅದಕ್ಕೇ ಯಾದ್ ಹಿಡಿದರೂ ತುದಿಯನ್ನು ಹಾಳೆಗೆ ಉಜ್ಜದೆ, ಸ್ವಲ್ಪ ಮೇಲೆಯೇ ಸರಿಸುತ್ತಾರೆ.

ಓದುವವರಿಗೂ ಇದರಿಂದ ದೊಡ್ಡ ಉಪಕಾರ. ಸುರುಳಿಯಲ್ಲಿ ಬರೀ ವ್ಯಂಜನಗಳು. ಸ್ವರಚಿಹ್ನೆ ಇಲ್ಲ, ವಾಕ್ಯ ಮುಗಿದ ಗುರುತಿಲ್ಲ, ರಾಗದ ಗುರುತೂ ಇಲ್ಲ. ಎಲ್ಲಾ ಮೊದಲೇ ಕಲಿತು ಬಂದು ರಾಗವಾಗಿ ಓದಬೇಕು. ಪಕ್ಕದಲ್ಲಿ ನಿಂತವರು ತಪ್ಪನ್ನು ಅಲ್ಲೇ ತಿದ್ದುತ್ತಾರೆ. ಇಷ್ಟು ಕಷ್ಟದ ಓದಿನಲ್ಲಿ ಸಾಲು ತಪ್ಪದಂತೆ ನೋಡಿಕೊಳ್ಳುವುದು ಸಣ್ಣ ಮಾತಲ್ಲ.

ಯಾದ್ ಇಲ್ಲದಿದ್ದರೆ ಓದು ನಿಲ್ಲುವುದಿಲ್ಲ, ಅದು ಕಡ್ಡಾಯವಲ್ಲ. ಆದರೂ ಅಕ್ಕಸಾಲಿಗರು ಅದನ್ನು ಎಷ್ಟು ಚೆಂದ ಮಾಡುತ್ತಾರೆ ಅಂದರೆ, ಕೆಲವದರಲ್ಲಿ ಬೆರಳಿಗೆ ಉಂಗುರವೂ ಇರುತ್ತದೆ! ಓದು ಮುಗಿದ ಮೇಲೆ ಸುರುಳಿಗೆ ಹೊದಿಕೆ ಹಾಕಿ, ಅದರ ಮೇಲೆ ಯಾದನ್ನು ಸರಪಳಿಯಿಂದ ತೂಗುಹಾಕುತ್ತಾರೆ.