ನಿಕಾನ್ ಡಿ750 ಜೊತೆಗೆ ಎರಡನೇ ಕ್ಯಾಮೆರಾ ಬಾಡಿ ಬೇಕಾ? ಮೊದಲು ‘ಹಗುರ’ ಅನ್ನೋ ಮಾತು ಬಿಟ್ಟುಬಿಡಿ

ನಿಮ್ಮ ಪ್ರಶ್ನೆ ಓದುವಾಗ 2017ರಲ್ಲಿದ್ದ ನಾನೇ ಎದುರಿಗೆ ಕೂತು ಕೇಳಿದ ಹಾಗಾಯಿತು. ಕೈಯಲ್ಲಿ ನಿಕಾನ್ ಡಿ750, ಬ್ಯಾಗಿನಲ್ಲಿ 50 ಎಂಎಂ ಎಫ್1.8ಡಿ ಮತ್ತು 80-200 ಎಫ್2.8ಡಿ ಲೆನ್ಸುಗಳು, ಹಾವೇರಿ ಕಡೆ ಬಂಧು ಬಳಗದ ಮದುವೆಗಳು, ಭಾನುವಾರ ಬಂಕಾಪುರಕ್ಕೋ ರಾಣೆಬೆನ್ನೂರಿಗೋ ಓಡಾಟ. ಈಗ ತಿರುಗಾಟಕ್ಕೂ ಮದುವೆಯ ಬ್ಯಾಕಪ್‌ಗೂ ಆಗುವಂಥ ಹಗುರವಾದ ಎರಡನೇ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬೇಕು, ನಿಕಾನಿನದೇ ಹಳೇ ಡಿ5600 ತಗೊಳ್ಳಲಾ ಝಡ್50 ತಗೊಳ್ಳಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಯಾಕೆ ಅಂದರೆ ನಾನು ಡಿ5600 ತಗೊಂಡಿದ್ದೆ.

ನಾನು ಧಾರವಾಡದವನು. 2016ರಲ್ಲಿ ಡಿ750 ತಗೊಂಡೆ, ಮದುವೆ ಕೆಲಸ ಶುರುವಾಯಿತು. ಒಂದು ವರ್ಷ ಆದ ಮೇಲೆ ಎಲ್ಲರೂ ಹೇಳೋ ಹಾಗೆ ‘ಇನ್ನೊಂದು ಬಾಡಿ ಇಟ್ಟುಕೋ’ ಅಂದರು. ನನಗೂ ಸರಿ ಅನಿಸಿತು. ಆದರೆ ಮನಸ್ಸಿನಲ್ಲಿ ಇದ್ದದ್ದು ಬ್ಯಾಕಪ್ ಅಲ್ಲ, ಗದಗ ಕಡೆಯ ಲಕ್ಕುಂಡಿ, ಮಾಗಡಿ ಕೆರೆ, ಧಾರವಾಡದ ಸಾಧನಕೇರಿಯ ಸಂಜೆ ವಾಕಿಂಗು. ಡಿ5600ರ ಸ್ಕ್ರೀನು ಹೊರಗೆ ತಿರುಗುತ್ತದೆ, ಬ್ಯಾಟರಿ ಕಾರ್ಡು ಸೇರಿ 465 ಗ್ರಾಂ ಅಷ್ಟೇ, ಫೋನಿಗೆ ಫೋಟೊ ಕಳಿಸುತ್ತದೆ. ಕೈಯಲ್ಲಿ ಹಿಡಿದ ಕೂಡಲೇ ಇಷ್ಟವಾಯಿತು. ಬ್ಯಾಕಪ್ ಅನ್ನೋದು ಮನೆಯವರಿಗೆ ಹೇಳೋಕೆ ಸಿಕ್ಕ ಕಾರಣ. ಈ ಮಾತನ್ನ ಮುಚ್ಚಿಡದೆ ಹೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಮೊದಲು ಬಂದಿರೋದು ತಿರುಗಾಟ, ಆಮೇಲೆ ಬ್ಯಾಕಪ್.

ಒಂದು ವರ್ಷ ಆ ಕ್ಯಾಮೆರಾ ನನಗೆ ತುಂಬಾ ಖುಷಿ ಕೊಟ್ಟಿತು. ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡದ ಕೆತ್ತನೆ, ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಬೀಳೋ ಬೆಳಕು, ಎಲ್ಲಾ ಅದರಲ್ಲೇ ತೆಗೆದೆ. ಅದರ ಮೇಲೆ ಯಾವಾಗಲೂ ಅದರ ಜೊತೆಗೇ ಬಂದ ಕಿಟ್ ಲೆನ್ಸ್ ಇರುತ್ತಿತ್ತು, ಹಕ್ಕಿಗೆ ಹೋದಾಗ ಗೆಳೆಯನ 70-300 ಎಎಫ್-ಎಸ್ ಲೆನ್ಸ್. ನನ್ನ ಮದುವೆ ಲೆನ್ಸುಗಳನ್ನ ಅದಕ್ಕೆ ಒಂದು ಸಲವೂ ಹಾಕಿ ನೋಡಲಿಲ್ಲ. ಒಂದು ಸಲ. ಮನೆಯಲ್ಲಿ ಕೂತು ಐದು ನಿಮಿಷ ಹಾಕಿ ನೋಡಿದ್ದರೆ ಈ ಉತ್ತರ ಬರೆಯೋ ಪ್ರಸಂಗವೇ ಬರುತ್ತಿರಲಿಲ್ಲ.

2018ರ ಫೆಬ್ರುವರಿ, ಗದಗಿನಲ್ಲಿ ಗೆಳೆಯನ ತಂಗಿಯ ಮದುವೆ. ಹಿಂದಿನ ಭಾನುವಾರ ಮಾಗಡಿ ಕೆರೆಗೆ ಹೋಗಿದ್ದೆ. ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆ, ಹಿಮಾಲಯ ದಾಟಿ ಬಂದು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಸಾವಿರಗಟ್ಟಲೆ ಒಟ್ಟಿಗೆ ಏಳುವಾಗ ಕೆರೆಯೇ ಎದ್ದ ಹಾಗೆ ಸದ್ದು. (ಈಗ 2024ರಿಂದ ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಕೂಡ. ಹೋಗಿಲ್ಲ ಅಂದರೆ ಖಂಡಿತ ಹೋಗಿ.) ಅವತ್ತು ಡಿ5600ರ ಬ್ಯಾಟರಿ ಹೆಚ್ಚುಕಡಿಮೆ ಖಾಲಿ ಮಾಡಿಕೊಂಡು ಬಂದೆ. ಚಾರ್ಜ್ ಮಾಡೋದು ಮರೆತೆ. ಮದುವೆ ಬ್ಯಾಗು ಕಟ್ಟುವಾಗ ಡಿ750ರ ನಾಲ್ಕು ಬ್ಯಾಟರಿ ಫುಲ್ ಮಾಡಿ ಇಟ್ಟೆ. ಡಿ5600 ಬಾಡಿಯನ್ನ ಬ್ಯಾಗಿನ ತಳಕ್ಕೆ ಹಾಕಿದೆ. ಕಿಟ್ ಲೆನ್ಸ್ ಮದುವೆಗೆ ಯಾಕೆ ಅಂತ ಮನೆಯಲ್ಲೇ ಬಿಟ್ಟೆ.

ಅಕ್ಕಿಕಾಳಿಗೆ ಇನ್ನು ಹತ್ತು ಹದಿನೈದು ನಿಮಿಷ ಇತ್ತು. ಲೈಟ್ ಸ್ಟ್ಯಾಂಡ್ ಸರಿ ಮಾಡೋಣ ಅಂತ ಡಿ750ಯನ್ನ 24-120 ಲೆನ್ಸ್ ಸಮೇತ ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟೆ. ಪಟ್ಟಿ ಕೆಳಗೆ ಜೋತುಬಿದ್ದಿತ್ತು. ಓಡಿ ಬಂದ ಒಬ್ಬ ಹುಡುಗನ ಕಾಲಿಗೆ ಸಿಕ್ಕಿತು. ಕಲ್ಲು ಹಾಸಿನ ಮೇಲೆ ಲೆನ್ಸ್ ಮುಂದಾಗಿ ಬಿತ್ತು. ಲೆನ್ಸಿನ ಮೌಂಟ್ (ಬಾಡಿಗೆ ಕೂರೋ ಉಂಗುರ) ಮುರಿಯಿತು, ಬಾಡಿಯೊಳಗಿನ ಕನ್ನಡಿ ಎತ್ತಿದ ಹಾಗೇ ಸಿಕ್ಕಿಕೊಂಡಿತು. ಆ ಹುಡುಗ ಅಳೋಕೆ ಶುರು ಮಾಡಿದ, ಪಾಪ, ಅವನದೇನೂ ತಪ್ಪಿಲ್ಲ.

ಇಂಥದ್ದಕ್ಕೇ ಅಲ್ವಾ ಬ್ಯಾಕಪ್ ಇರೋದು? ನನಗೂ ಆ ಕ್ಷಣ ಭಯ ಆಗಲಿಲ್ಲ. ಬ್ಯಾಗಿನಿಂದ ಡಿ5600 ತೆಗೆದೆ, 50 ಎಂಎಂ ಹಾಕಿದೆ, ಶಟರ್ ಅರ್ಧ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಮೇಲೆ ಹೊಳೆಯಿತು.

ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಲೆನ್ಸುಗಳೂ ಅವೇ ಇರೋದರಿಂದ. ಹೆಸರಿನ ಕೊನೆಗೆ ‘ಡಿ’ ಇರುವ ನಮ್ಮ ಈ ಹಳೇ ಆಟೋಫೋಕಸ್ ಲೆನ್ಸುಗಳ ಒಳಗೆ ಮೋಟರ್ ಇಲ್ಲ. ಮೋಟರ್ ಇರೋದು ಬಾಡಿಯಲ್ಲಿ. ನಿಮ್ಮ ಡಿ750ರ ಲೆನ್ಸ್ ಬಿಚ್ಚಿ ಮೌಂಟಿನ ಉಂಗುರ ನೋಡಿ, ಕೆಳಭಾಗದಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಒಂದು ಸಣ್ಣ ಕಡ್ಡಿ ಕಾಣುತ್ತದೆ. ಲೆನ್ಸಿನ ಹಿಂಭಾಗದಲ್ಲಿ ಅದು ಕೂರೋಕೆ ಒಂದು ಸೀಳು ಇರುತ್ತದೆ. ಬಾಡಿಯ ಮೋಟರ್ ಆ ಕಡ್ಡಿ ತಿರುಗಿಸುತ್ತದೆ, ಆಗ ಫೋಕಸ್ ಆಗುತ್ತದೆ, ಅದಕ್ಕೇ ‘ಗಿರ್’ ಅಂತ ಸದ್ದು ಬರೋದು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ತೂಕ, ಬೆಲೆ ಇಳಿಸೋಕೆ ಆ ಮೋಟರ್ ತೆಗೆದಿದ್ದಾರೆ. ಎಎಫ್-ಎಸ್, ಎಎಫ್-ಪಿ ಲೆನ್ಸುಗಳಿಗೆ ತಮ್ಮದೇ ಮೋಟರ್ ಇರೋದರಿಂದ ಅವು ನಡೆಯುತ್ತವೆ, ನಮ್ಮವು ನಡೆಯೋದಿಲ್ಲ. ಇದು ಕ್ಯಾಮೆರಾದ ದೋಷ ಅಲ್ಲ, ಬಾಕ್ಸಿನ ಒಳಗಿನ ಪುಸ್ತಕದಲ್ಲಿ ಬರೆದಿದೆ, ನಾನೇ ಓದಿಯೂ ಇದ್ದೆ. ಓದಿ, ‘ಆ ಲೆನ್ಸುಗಳಿಗೆ ಡಿ750 ಇದೆಯಲ್ಲ’ ಅಂದುಕೊಂಡಿದ್ದೆ. ಬ್ಯಾಕಪ್ ಬೇಕಾಗೋದೇ ಡಿ750 ಇಲ್ಲದ ಹೊತ್ತಿನಲ್ಲಿ ಅನ್ನೋದು ತಲೆಗೆ ಹೋಗಿರಲಿಲ್ಲ.

‘ಅಣ್ಣಾ, ಅಕ್ಕಿಕಾಳು ಬೀಳಾಕತ್ತಾವ್, ಬರ್ರಿ!’ ಅಂತ ವೇದಿಕೆಯಿಂದ ಕೂಗಿದರು.

ಕೈಯಲ್ಲೇ ಫೋಕಸ್ ತಿರುಗಿಸುತ್ತಾ ನಿಂತೆ. ಡಿ5600ರ ವ್ಯೂಫೈಂಡರ್ ಚಿಕ್ಕದು, ಡಿ750ಗೆ ಒಗ್ಗಿದ ಕಣ್ಣಿಗೆ ಸುರಂಗದ ಕೊನೆಯಲ್ಲಿ ಮದುವೆ ನಡೆದ ಹಾಗೆ ಕಾಣುತ್ತದೆ. ಮೂಲೆಯಲ್ಲಿ ಫೋಕಸ್ ಆಯಿತು ಅನ್ನೋ ಚುಕ್ಕೆ ಬರುತ್ತದೆ ನಿಜ, ಆದರೆ ಮಂದಿ ಅಲುಗಾಡುವಾಗ ಚುಕ್ಕೆ ನೋಡಬೇಕೋ ಮುಖ ನೋಡಬೇಕೋ. ಇನ್ನೊಂದು ತಾಪತ್ರಯ, ಡಿ5600ರದು ಡಿ750ಗಿಂತ ಸಣ್ಣ ಸೆನ್ಸರ್, ಅದಕ್ಕೆ ಕ್ರಾಪ್ ಸೆನ್ಸರ್ ಅಂತಾರೆ; ಅದರ ಮೇಲೆ 50 ಎಂಎಂ ಅಂದರೆ 75ರ ಇಕ್ಕಟ್ಟಾದ ನೋಟ. ವೇದಿಕೆ ಸಣ್ಣದು. ಗಂಡು ಹೆಣ್ಣು, ಎರಡೂ ಕಡೆಯ ಹಿರಿಯರು ಒಂದೇ ಚೌಕಟ್ಟಿಗೆ ಬರಬೇಕು ಅಂದರೆ ನಾನು ವೇದಿಕೆ ಇಳಿದು ಜನರ ನಡುವೆ ನಿಲ್ಲಬೇಕಾಯಿತು. ಅಲ್ಲಿಂದ ಬರೀ ಕೈಗಳು ಮತ್ತು ಅಕ್ಕಿಕಾಳು.

ಸುಮಾರು ನಲವತ್ತು ಫೋಟೊ ಹೊಡೆದೆ. ಆರು ಸರಿಯಾಗಿದ್ದವು. ಆ ಆರರಲ್ಲಿ ಗಂಡು ಹೆಣ್ಣು ಇಬ್ಬರ ಮುಖವೂ ಕಾಣುವ ಒಂದೂ ಇಲ್ಲ.

ಆರತಿ ಹೊತ್ತಿಗೆ ಬ್ಯಾಟರಿ ಸತ್ತಿತು. ಜೇಬಿನಲ್ಲಿ ನಾಲ್ಕು ಫುಲ್ ಬ್ಯಾಟರಿ ಇಟ್ಟುಕೊಂಡು ಸುಮ್ನೆ ನಿಂತಿದ್ದೇನೆ ನಾನು. ಡಿ750ಗೆ ಬೇಕಾಗೋದು ಇಎನ್-ಇಎಲ್15, ಡಿ5600ಗೆ ಇಎನ್-ಇಎಲ್14ಎ. ಆಕಾರವೇ ಬೇರೆ, ಚಾರ್ಜರೂ ಬೇರೆ, ಆ ಚಾರ್ಜರ್ ಧಾರವಾಡದಲ್ಲಿ. ಊಟದ ಪಂಕ್ತಿ, ಹೆಣ್ಣು ಕಳಿಸೋದು ಎಲ್ಲಾ ಫೋನಿನಲ್ಲಿ ತೆಗೆದೆ.

ಗೆಳೆಯನ ಮನೆಯವರು ಒಂದು ಮಾತು ಆಡಲಿಲ್ಲ. ನಾನು ಮುಂಗಡ ಪೂರ್ತಿ ವಾಪಸ್ ಕೊಟ್ಟೆ, ಆಲ್ಬಮ್ ಖರ್ಚು ನಾನೇ ಹಾಕಿದೆ. ಅಕ್ಕಿಕಾಳಿನ ಪುಟಕ್ಕೆ ವಿಡಿಯೋದಿಂದ ಒಂದು ಫ್ರೇಮ್ ತೆಗೆದು ಹಾಕಿದ್ದೇವೆ, ಮಸುಕು ಮಸುಕು. ಈಗಲೂ ಆ ಮನೆಗೆ ಹೋದರೆ ಯಾರಾದರೂ ನೆಂಟರಿಗೆ ಆಲ್ಬಮ್ ತೋರಿಸುತ್ತಿರುತ್ತಾರೆ. ನಾನು ಇದ್ದೇನೆ ಅಂತ ಆ ಪುಟವನ್ನ ಗೆಳೆಯನ ಅವ್ವ ಬೇಗ ತಿರುವಿಬಿಡುತ್ತಾರೆ.

ಈಗ ನಿಮ್ಮ ಝಡ್50 ವಿಚಾರ. ಚಂದದ ಕ್ಯಾಮೆರಾ, ಬಾಡಿ 400 ಗ್ರಾಂ ಕೂಡ ಇಲ್ಲ. ಆದರೆ ಅದರ ಬ್ಯಾಟರಿ ಇಎನ್-ಇಎಲ್25, ನಿಮ್ಮದಕ್ಕೆ ಹೊಂದೋದಿಲ್ಲ. ಮೌಂಟ್ ಬೇರೆ, ನಮ್ಮ ಲೆನ್ಸ್ ಕೂರಿಸೋಕೆ ನಡುವೆ ಅಡಾಪ್ಟರ್ ಬೇಕು. ಎಫ್‌ಟಿಝಡ್ ಅನ್ನೋ ಆ ಅಡಾಪ್ಟರಿನಲ್ಲೂ ಕಡ್ಡಿ ತಿರುಗಿಸೋ ಮೋಟರ್ ಇಲ್ಲ. ಅಂದರೆ ನಿಮ್ಮ 50 ಮತ್ತು 80-200 ಅಲ್ಲೂ ಕೈಯಲ್ಲೇ ತಿರುಗಿಸಬೇಕು. ಹೊಸ ಕ್ಯಾಮೆರಾ, ನನ್ನದೇ ಹಳೇ ತಪ್ಪು.

ನನ್ನ ಮಾತು ಇಷ್ಟೇ: ಎರಡನೇ ಬಾಡಿ ಮೊದಲನೆಯದರ ಬುತ್ತಿಯಲ್ಲೇ ಉಣ್ಣಬೇಕು. ಅದೇ ಬ್ಯಾಟರಿ, ಅದೇ ಕಾರ್ಡು, ಅದೇ ಲೆನ್ಸು, ಆದಷ್ಟೂ ಅದೇ ಜಾಗದಲ್ಲಿ ಅವೇ ಬಟನ್ನು. ದುಡ್ಡು ಇದ್ದರೆ ಇನ್ನೊಂದು ಹಳೇ ಡಿ750 ತಗೊಳ್ಳಿ, ಬೇರೆ ಯೋಚನೆಯೇ ಬೇಡ. ಅಷ್ಟು ಆಗೋದಿಲ್ಲ ಅಂದರೆ ಡಿ7200. ನಾನು ಅದನ್ನೇ ತಗೊಂಡೆ, ಹುಬ್ಬಳ್ಳಿಯಲ್ಲಿ ಒಬ್ಬರ ಕೈಯಿಂದ, 32 ಸಾವಿರಕ್ಕೆ. ಅದೇ ಇಎನ್-ಇಎಲ್15, ಎರಡು ಎಸ್‌ಡಿ ಕಾರ್ಡಿನ ಜಾಗ, ಬಾಡಿಯಲ್ಲೇ ಮೋಟರ್, ಹಿಂದೊಂದು ಮುಂದೊಂದು ಎರಡು ಡಯಲ್. ಡಿ7500 ಅದಕ್ಕಿಂತ ಹೊಸದು, ಅದರಲ್ಲೂ ಮೋಟರ್ ಇದೆ, ಆದರೆ ಕಾರ್ಡಿಗೆ ಒಂದೇ ಜಾಗ. ಮದುವೆಗೆ ನಾನು ಒಂದೇ ಕಾರ್ಡು ನಂಬೋದಿಲ್ಲ.

ಭಾರ ಅಂತೀರಾ? ಡಿ7200 ಬ್ಯಾಟರಿ ಕಾರ್ಡು ಸೇರಿ 765 ಗ್ರಾಂ. ಡಿ5600ಗಿಂತ 300 ಗ್ರಾಂ ಜಾಸ್ತಿ. ಲೈನ್ ಬಜಾರಿನಲ್ಲಿ ಕಾಲು ಕೆಜಿ ಪೇಡಾ ಕಟ್ಟಿಸಿಕೊಂಡರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನಿಮ್ಮ 80-200 ಒಂದೇ 1300 ಗ್ರಾಂ ಇದೆ, ಅದನ್ನ ಹೊತ್ತು ರಾಣೆಬೆನ್ನೂರಿನಲ್ಲಿ ಕೃಷ್ಣಮೃಗದ ಹಿಂದೆ ನಡೆಯೋರಿಗೆ ಬಾಡಿಯ 300 ಗ್ರಾಂ ಲೆಕ್ಕಕ್ಕೆ ಬರೋದಿಲ್ಲ. ಹಗುರ ಬಾಡಿಗೆ ಅಂಥ ಲೆನ್ಸ್ ಹಾಕಿದರೆ ಮುಂದಕ್ಕೆ ವಾಲಿ ಕೈ ನೋಯುತ್ತದೆ ಬೇರೆ. ಡಿ7200 ಮೇಲೆ ಅದೇ ಲೆನ್ಸಿನ 200 ಅನ್ನೋದು 300ರ ನೋಟ ಕೊಡುತ್ತದೆ. ಮದುವೆಯಲ್ಲಿ ನನ್ನನ್ನ ಕೆಳಗಿಳಿಸಿದ ಕ್ರಾಪ್ ಸೆನ್ಸರೇ ಬಯಲಲ್ಲಿ ಉಪಕಾರ ಮಾಡುತ್ತದೆ. ಸುಮ್ನೆ ಓಡಾಡೋಕೆ 35 ಎಂಎಂ ಎಫ್1.8ಜಿ ಡಿಎಕ್ಸ್ (ಕ್ರಾಪ್ ಸೆನ್ಸರಿಗೇ ಮಾಡಿದ) ಲೆನ್ಸ್ ಹಾಕಿ, ಅದು 200 ಗ್ರಾಂ, ಸಂತೆಗೆ, ಗುಡಿಗೆ ಸಾಕಾಗುತ್ತದೆ. ಅದಕ್ಕೂ ಅಗಲ ಬೇಕಾದಾಗ ಮದುವೆ ಬ್ಯಾಗಿನಲ್ಲಿ ಒಂದು ಡಿಎಕ್ಸ್ ಕಿಟ್ ಲೆನ್ಸ್ ಇಟ್ಟುಕೊಳ್ಳಿ, ಹಳೇದು ಕಡಿಮೆಗೆ ಸಿಗುತ್ತದೆ. ನಾನು ಈಗ ಅದನ್ನ ಮನೆಯಲ್ಲಿ ಬಿಡೋದಿಲ್ಲ.

ಮತ್ತೆ ಬ್ಯಾಕಪ್ ಅಂತ ಬ್ಯಾಗಿನ ತಳದಲ್ಲಿ ಮಲಗಿಸಬೇಡಿ. ಈಗ ನಾನು ಎರಡನ್ನೂ ಮೊದಲಿನಿಂದಲೇ ಹೆಗಲಿಗೆ ಹಾಕಿಕೊಳ್ಳುತ್ತೇನೆ, ಒಂದರಲ್ಲಿ ಅಗಲದ ಲೆನ್ಸು, ಇನ್ನೊಂದರಲ್ಲಿ ಉದ್ದದ್ದು. ಲೆನ್ಸ್ ಬದಲಿಸೋ ಕೆಲಸವೇ ತಪ್ಪಿತು. ದೀಪಾವಳಿ ಆದ ಮೇಲೆ ನಿಮ್ಮ ಕಡೆ ಹೋರಿ ಹಬ್ಬದಲ್ಲಿ ಇದರ ಬೆಲೆ ಗೊತ್ತಾಗುತ್ತದೆ, ಕೊಬ್ಬರಿ ಹಾರದ ಹೋರಿ ಓಡಿ ಬರುವಾಗ ಏಳೋ ಧೂಳಿನಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಗತಿ ಏನು ಹೇಳಿ. ಎರಡೂ ಕ್ಯಾಮೆರಾದ ಗಡಿಯಾರ ಮಾತ್ರ ಅವತ್ತು ಬೆಳಿಗ್ಗೆ ಒಂದೇ ಮಾಡಿಕೊಳ್ಳಿ, ಇಲ್ಲಾಂದರೆ ಕಂಪ್ಯೂಟರಿಗೆ ಹಾಕಿದ ಮೇಲೆ ಆರತಿ ಮೊದಲು ಬಂದು ಅರಿಷಿಣ ಆಮೇಲೆ ಬರುತ್ತದೆ.

ಹಳೇ ಬಾಡಿ ನೋಡೋಕೆ ಹೋಗುವಾಗ ನಿಮ್ಮ 80-200, ನಿಮ್ಮ ಬ್ಯಾಟರಿ, ನಿಮ್ಮ ಕಾರ್ಡು, ನಿಮ್ಮ ಫ್ಲ್ಯಾಶು ಎಲ್ಲಾ ತಗೊಂಡು ಹೋಗಿ. ಅವರದ್ದು ಏನೂ ಬೇಡ. ನಿಮ್ಮದನ್ನೇ ಹಾಕಿ, ಅರ್ಧ ಒತ್ತಿ, ‘ಗಿರ್’ ಸದ್ದು ಕೇಳಿ. ಲೆನ್ಸಿನ ಕಿಂಡಿ ಎಫ್16ಕ್ಕೆ ಚಿಕ್ಕದು ಮಾಡಿ ಬರೀ ಆಕಾಶದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರ್ ಮೇಲಿನ ಕಲೆ ಎಲ್ಲಾ ಕಾಣುತ್ತದೆ. ಒಂದು ಜೆಪೆಗ್ ಫೈಲಿನಿಂದ ಶಟರ್ ಎಣಿಕೆ, ಅಂದರೆ ಇಲ್ಲಿವರೆಗೆ ಎಷ್ಟು ಸಲ ಶಟರ್ ಒತ್ತಿದ್ದಾರೆ ಅನ್ನೋದು ತಿಳಿಯುತ್ತದೆ. ಡಿ750, ಡಿ7200 ಎರಡರ ಶಟರನ್ನೂ ಕಂಪನಿ 1,50,000 ಸಲಕ್ಕೆ ಪರೀಕ್ಷೆ ಮಾಡಿದೆ, ನಾನಾದರೆ 60 ಸಾವಿರ ದಾಟಿದ್ದನ್ನ ಮುಟ್ಟೋದಿಲ್ಲ.

ತೂಕದ ಬಗ್ಗೆ ಇನ್ನೂ ಅನುಮಾನ ಇದ್ದರೆ ಧಾರವಾಡಕ್ಕೆ ಬಂದಾಗ ಹೇಳಿ. ನನ್ನ ಡಿ7200ಗೆ 35 ಎಂಎಂ ಹಾಕಿ ನಿಮ್ಮ ಕೈಗೆ ಕೊಡುತ್ತೇನೆ, ಸಾಧನಕೇರಿ ಒಂದು ಸುತ್ತು ನಡೆದು ಬರೋಣ. ಬ್ಯಾಟರಿ ತರೋದು ಬೇಡ, ನಿಮ್ಮದೂ ನನ್ನದೂ ಒಂದೇ.