ಅಪ್ಪ ಅಮ್ಮ ಬೇರೆ ಬೇರೆ ಜನಾಂಗದವರಾದರೆ ಮಗುವಿಗೆ ಅದನ್ನು ಹೇಗೆ ಹೇಳಿಕೊಡುವುದು?

ಮಗು ಕೇಳಲಿ ಅಂತ ಕಾಯಬೇಡಿ, ನೀವೇ ಮಾತು ಶುರು ಮಾಡಿ. ಮೂರು ನಾಲ್ಕು ವರ್ಷಕ್ಕೆಲ್ಲ ಮಕ್ಕಳು ಮೈಬಣ್ಣ ಗಮನಿಸುತ್ತಾರೆ. ಆಗ "ಸುಮ್ನಿರು, ಹಾಗೆಲ್ಲ ಕೇಳಬಾರದು" ಅಂದರೆ ಬಣ್ಣ ಅಂದರೇನೇ ನಾಚಿಕೆಯ ವಿಷಯ ಅಂತ ಮಗು ತಿಳಿದುಕೊಳ್ಳುತ್ತದೆ. ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಅನ್ನೋ ವಸ್ತು ಇರುತ್ತದೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ ಅಂತ ಹೇಳಿ. ಆ ವಯಸ್ಸಿಗೆ ಅಷ್ಟು ಸಾಕು.

ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ, ಗಂಡ ಅಲ್ಲಿನ ಕಪ್ಪು ಜನಾಂಗದವರು. ರಜೆಗೆ ಸಕಲೇಶಪುರಕ್ಕೆ ಬಂದಾಗ ಒಂದು ಮದುವೆ ಮನೆಯಲ್ಲಿ ಬಂದವರೆಲ್ಲ ಅವರ ಆರು ವರ್ಷದ ಮಗಳ ಗುಂಗುರು ಕೂದಲು ಮುಟ್ಟಿ ಮುಟ್ಟಿ ನೋಡಿದರು, ಒಬ್ಬರು "ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡಿಸು, ಬೆಳ್ಳಗಾಗ್ತಾಳೆ" ಅಂದೇಬಿಟ್ಟರು. ಇವಳು ಮಗುವಿನ ಎದುರಿಗೇ, "ಬೇಡ ದೊಡ್ಡಮ್ಮ, ಇದು ಅವಳಪ್ಪನ ಬಣ್ಣ, ನಮಗೆ ಇದೇ ಚೆಂದ" ಅಂದಳು. ಮಗು ಅದನ್ನು ಕೇಳಿಸಿಕೊಂಡಿತು, ಮುಖ್ಯ ಅದೇ ಅಲ್ವಾ?

ಅರ್ಧ ಇದು, ಅರ್ಧ ಅದು ಅನ್ನಬೇಡಿ. ಅಮೆರಿಕದ ಜನಗಣತಿಯಲ್ಲೇ 2000ರಿಂದ ಒಂದಕ್ಕಿಂತ ಹೆಚ್ಚು ಜನಾಂಗ ಗುರುತು ಹಾಕಬಹುದು. ಅಕ್ಕಿರೊಟ್ಟಿ, ಕನ್ನಡ ಎಷ್ಟು ಅವಳದೋ ಅಪ್ಪನ ಕಡೆಯ ಇತಿಹಾಸವೂ ಅಷ್ಟೇ ಅವಳದು. 1967ರವರೆಗೂ ಅಲ್ಲಿನ ಕೆಲವು ರಾಜ್ಯಗಳಲ್ಲಿ ಬಿಳಿಯರು ಕಪ್ಪು ಜನರನ್ನು ಮದುವೆಯಾಗುವುದಕ್ಕೆ ಕಾನೂನೇ ಬಿಡುತ್ತಿರಲಿಲ್ಲ. ಇಂಥದ್ದನ್ನು ಎಂಟು ಹತ್ತು ವರ್ಷಕ್ಕೆ ಮುಚ್ಚಿಡದೆ ಹೇಳಿ.